ಬಣ್ಣ ಹಚ್ಚದೆ ಬಿಟ್ಟ ಬೆಳಕು: ಸ್ಯಾಮ್ಯುಯೆಲ್ ಪಾಮರ್‌ನ 1825ರ ಕಂದು ಚಿತ್ರಗಳು

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಕಂದು ಬಣ್ಣದ ಆರು ಸಣ್ಣ ಚಿತ್ರಗಳಿವೆ. ಆರನ್ನೂ 1825ರಲ್ಲಿ ರಚಿಸಿದವನು ಲಂಡನ್ನಿನ ಪುಸ್ತಕ ವ್ಯಾಪಾರಿಯೊಬ್ಬನ ಮಗ ಸ್ಯಾಮ್ಯುಯೆಲ್ ಪಾಮರ್. ಆಗ ಅವನ ವಯಸ್ಸು ಇಪ್ಪತ್ತು. ಈ ಆರರಲ್ಲಿ ಹೆಚ್ಚು ಪ್ರಸಿದ್ಧವಾದ ‘ಪೈರು ತುಂಬಿದ ಕಣಿವೆ’ಯ ಎತ್ತರ ಸುಮಾರು 18 ಸೆಂಟಿಮೀಟರ್, ಅಗಲ ಸುಮಾರು 27 ಸೆಂಟಿಮೀಟರ್. ಶಾಲೆಗೆ ಹೋಗುವ ಮಗುವಿನ ಸ್ಲೇಟಿನಷ್ಟು ಮಾತ್ರ ಜಾಗ. ಅಷ್ಟರೊಳಗೆ ಬೆಟ್ಟಗಳು, ಕೊಯ್ಲಾದ ಹೊಲ, ಮರಗಳು, ದನಕರು, ದೂರದ ಚರ್ಚಿನ ಚೂಪು ಗೋಪುರ ಮತ್ತು ಇವೆಲ್ಲದರ ಮೇಲೆ ಏರುತ್ತಿರುವ ತುಂಬು ಚಂದ್ರ ಕಿಕ್ಕಿರಿದಿವೆ. ಮುಂಭಾಗದಲ್ಲಿ ಹಳೆಯ ಕಾಲದ ಉಡುಪು ತೊಟ್ಟ ಗಡ್ಡದ ಮನುಷ್ಯನೊಬ್ಬ ಒರಗಿಕೊಂಡು ಪುಸ್ತಕ ಓದುತ್ತಿದ್ದಾನೆ. ಅವನ ಸುತ್ತಲಿನ ತೆನೆಗಳು ಅವನಿಗಿಂತ ಚಿಕ್ಕವೆಂದು ಅನ್ನಿಸುವುದಿಲ್ಲ. ಹೊಲವೇ ಅವನಿಗೆ ಹಾಸಿಗೆಯಾದಂತೆ, ಗೋಡೆಯಾದಂತೆ ಕಾಣುತ್ತದೆ.

ಹೆಸರಿನ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಈ ಚಿತ್ರದ ಇಂಗ್ಲಿಷ್ ಶೀರ್ಷಿಕೆಯಲ್ಲಿರುವ ‘ಕಾರ್ನ್’ ಎಂಬ ಪದ ನಮ್ಮಲ್ಲಿ ಮೆಕ್ಕೆಜೋಳದ ನೆನಪು ತರುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಅದಕ್ಕೆ ಗೋಧಿ, ಬಾರ್ಲಿಗಳಂಥ ಧಾನ್ಯದ ಪೈರು ಎಂದೇ ಅರ್ಥ. ಆದ್ದರಿಂದ ಹೊಲದಲ್ಲಿ ಸಾಲಾಗಿ ನಿಂತಿರುವ ಆ ದುಂಡು ಆಕಾರಗಳು ಕೊಯ್ದು ಕಟ್ಟಿ ಒಣಗಲು ನಿಲ್ಲಿಸಿದ ಸಿವುಡುಗಳು. ಪಾಮರ್ ಈ ಚಿತ್ರದೊಂದಿಗೆ ಬೈಬಲ್ಲಿನ 65ನೆಯ ಕೀರ್ತನೆಯ ಸಾಲುಗಳನ್ನು ಸೇರಿಸಿದ್ದಾನೆ. ದೇವರ ಕೃಪೆಯು ವರ್ಷಕ್ಕೆ ಕಿರೀಟವಿಟ್ಟಂತಿದೆ, ಕಣಿವೆಗಳು ಧಾನ್ಯವನ್ನು ಹೊದ್ದು ಆನಂದದಿಂದ ಹಾಡುತ್ತಿವೆ ಎಂಬುದು ಅಲ್ಲಿನ ಭಾವ. ಕಣಿವೆಯೇ ಹಾಡುತ್ತದೆ ಎಂಬ ಆ ಮಾತನ್ನು ಯುವ ಚಿತ್ರಕಾರ ಅಕ್ಷರಶಃ ನಂಬಿದ್ದನೆಂದು ಚಿತ್ರವನ್ನು ಕೆಲವು ನಿಮಿಷ ನೋಡಿದವರಿಗೆ ಅನ್ನಿಸದೆ ಇರದು.

ಇಂಥ ಚಿತ್ರಗಳನ್ನು ಕಲಾವಿಮರ್ಶೆಯಲ್ಲಿ ‘ಪ್ಯಾಸ್ಟೊರಲ್’ ಎಂದು ಕರೆಯುತ್ತಾರೆ. ಕುರಿಗಾಹಿಗೆ ಸಂಬಂಧಿಸಿದ್ದು ಎಂಬುದು ಆ ಪದದ ಮೂಲಾರ್ಥ. ಕುರಿ ಮತ್ತು ಕೊಳಲು ಇದ್ದ ಮಾತ್ರಕ್ಕೆ ಒಂದು ಚಿತ್ರ ಈ ಗುಂಪಿಗೆ ಸೇರಿಬಿಡುತ್ತದೆಂದು ತಿಳಿದರೆ ಈ ಪ್ರಕಾರದ ಒಳಗುಟ್ಟು ಕೈಗೆ ಸಿಗುವುದಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಕವಿ ಥಿಯೋಕ್ರಿಟಸ್ ಸಿಸಿಲಿಯ ಕುರಿಗಾಹಿಗಳ ಬಾಯಲ್ಲಿ ಹಾಡುಗಳನ್ನಿಟ್ಟು ಬರೆದ. ಅವನನ್ನು ಅನುಸರಿಸಿ ರೋಮಿನ ವರ್ಜಿಲ್ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಹತ್ತು ಗೋಪಗೀತೆಗಳನ್ನು ರಚಿಸಿದ. ಆ ಹತ್ತರಲ್ಲಿ ಮೊದಲನೆಯದು ಆರಂಭವಾಗುವ ಬಗೆಯನ್ನು ಗಮನಿಸಬೇಕು. ಟಿಟಿರಸ್ ಎಂಬ ಕುರಿಗಾಹಿ ಮರದ ನೆರಳಿನಲ್ಲಿ ಒರಗಿ ಕೊಳಲು ನುಡಿಸುತ್ತಿದ್ದಾನೆ. ಅವನ ಮುಂದೆ ಬಂದು ನಿಂತಿರುವ ಮೆಲಿಬಿಯಸ್ ಎಂಬ ಇನ್ನೊಬ್ಬ ತನ್ನ ಜಮೀನನ್ನು ಕಳೆದುಕೊಂಡು, ಮೇಕೆಗಳನ್ನು ಹೊಡೆದುಕೊಂಡು ಊರು ಬಿಟ್ಟು ಹೋಗುತ್ತಿದ್ದಾನೆ. ಕ್ರಿಸ್ತಪೂರ್ವ 42ರ ಫಿಲಿಪ್ಪಿ ಯುದ್ಧದ ಬಳಿಕ ಗೆದ್ದ ಪಕ್ಷದವರು ತಮ್ಮ ಸೈನಿಕರಿಗೆ ಹಂಚಲೆಂದು ಇಟಲಿಯ ರೈತರ ಭೂಮಿಯನ್ನು ಕಿತ್ತುಕೊಂಡ ನಿಜವಾದ ಘಟನೆ ಈ ಕವಿತೆಯ ಹಿಂದಿದೆ. ಹಾಗಾಗಿ ಪ್ಯಾಸ್ಟೊರಲ್ ಹುಟ್ಟಿದಂದಿನಿಂದಲೂ ಅದರ ನೆರಳಿನಲ್ಲಿ ಒಬ್ಬ ಸುಖವಾಗಿ ಕುಳಿತಿದ್ದರೆ ಇನ್ನೊಬ್ಬ ಹೊರಟು ನಿಂತಿದ್ದಾನೆ. ನೆಮ್ಮದಿಯ ಚಿತ್ರವನ್ನು ಅತ್ಯಂತ ತೀವ್ರವಾಗಿ ಬರೆಯುವವರು ಅದನ್ನು ಕಳೆದುಕೊಂಡವರು ಅಥವಾ ಕಳೆದುಕೊಳ್ಳುವ ಭಯದಲ್ಲಿರುವವರು ಎಂಬುದನ್ನು ಪಾಮರ್‌ನ ಚಿತ್ರಗಳನ್ನು ನೋಡುವಾಗ ಮರೆಯಬಾರದು.

ಲಂಡನ್ನಿನ ಈ ಹುಡುಗನಿಗೆ ವರ್ಜಿಲ್ ತಲುಪಿದ ದಾರಿ ವಿಚಿತ್ರವಾದುದು. ರಾಬರ್ಟ್ ಜಾನ್ ಥಾರ್ನ್‌ಟನ್ ಎಂಬ ವೈದ್ಯ ಶಾಲಾಮಕ್ಕಳಿಗಾಗಿ ವರ್ಜಿಲ್ಲನ ಗೋಪಗೀತೆಗಳ ಸಚಿತ್ರ ಆವೃತ್ತಿಯೊಂದನ್ನು ಹೊರತರುತ್ತಿದ್ದ. ಅದರ 1821ರ ಮುದ್ರಣಕ್ಕೆ ಕವಿಯೂ ಕೆತ್ತನೆಗಾರನೂ ಆದ ವಿಲಿಯಂ ಬ್ಲೇಕ್ 17 ಮರದಚ್ಚುಗಳನ್ನು ಕೆತ್ತಿಕೊಟ್ಟ. ಪ್ರತಿಯೊಂದರ ಎತ್ತರ ಸುಮಾರು ಮೂರೂವರೆ ಸೆಂಟಿಮೀಟರ್, ಅಗಲ ಏಳೂವರೆ ಸೆಂಟಿಮೀಟರ್; ಎರಡು ಬೆಂಕಿಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಅಷ್ಟಾದೀತು. ಒರಟಾಗಿ ಕಂಡ ಆ ಕೆತ್ತನೆಗಳು ಥಾರ್ನ್‌ಟನ್‌ಗೆ ಹಿಡಿಸಲಿಲ್ಲ. ಹಲವು ಕಲಾವಿದರು ಬ್ಲೇಕ್ ಪರವಾಗಿ ಮಾತನಾಡಿದ್ದರಿಂದ ಅವು ಪುಸ್ತಕದಲ್ಲಿ ಉಳಿದವಾದರೂ, ಇವುಗಳಲ್ಲಿ ಕಲೆಗಿಂತ ಪ್ರತಿಭೆಯೇ ಹೆಚ್ಚು ಎಂಬರ್ಥದ ಕ್ಷಮಾಪಣೆಯಂಥ ಟಿಪ್ಪಣಿಯೊಂದನ್ನು ಸೇರಿಸಿಯೇ ಅಚ್ಚು ಮಾಡಿಸಲಾಯಿತು. ಪ್ರಕಾಶಕರಿಗೆ ಮುಜುಗರ ತಂದ ಈ ಅಚ್ಚುಗಳನ್ನು ನೋಡಿದ ಪಾಮರ್‌ಗೆ ಅವು ಸ್ವರ್ಗದ ಪುಟ್ಟ ತಗ್ಗುಗಳಂತೆ, ಮೂಲೆಗಳಂತೆ ತೋರಿದವು. ಹಾಗೆಂದು ಅವನು ತನ್ನ ಟಿಪ್ಪಣಿಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕಪ್ಪು ಹಿನ್ನೆಲೆಯನ್ನು ಉಳಿ ಗೀರಿ ಬೆಳಕನ್ನು ಹೊರತೆಗೆಯುವ ಆ ವಿಧಾನ ಅವನ ಕಣ್ಣಿನಲ್ಲಿ ಶಾಶ್ವತವಾಗಿ ನೆಲೆಸಿತು.

ಪಾಮರ್ ಹುಟ್ಟಿದ್ದು 1805ರ ಜನವರಿ 27ರಂದು. ಹದಿನಾಲ್ಕನೆಯ ವಯಸ್ಸಿಗೇ ಅವನ ಚಿತ್ರಗಳು ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಸ್ಥಾನ ಪಡೆದಿದ್ದವು. ಅವು ಆ ಕಾಲದ ಅಭಿರುಚಿಗೆ ಒಪ್ಪುವ, ಅಚ್ಚುಕಟ್ಟಾದ ಭೂದೃಶ್ಯಗಳು. 1822ರಲ್ಲಿ ಪರಿಚಯವಾದ ಜಾನ್ ಲಿನ್ನೆಲ್ ಎಂಬ ಹಿರಿಯ ಚಿತ್ರಕಾರ ಅವನನ್ನು ಆ ದಾರಿಯಿಂದ ಬಿಡಿಸಿ, ಡ್ಯೂರರ್ ಮತ್ತು ಲ್ಯೂಕಸ್ ವಾನ್ ಲೈಡನ್‌ರಂಥ ಹದಿನಾರನೆಯ ಶತಮಾನದ ಕೆತ್ತನೆಗಾರರ ಕೃತಿಗಳನ್ನು ನೋಡಲು ಹಚ್ಚಿದ. ಆಧುನಿಕ ಕಲೆಯ ಹೊಂಡದಿಂದ ತನ್ನನ್ನು ಮೇಲೆತ್ತಲು ಸ್ವರ್ಗದಿಂದ ಬಂದ ದೇವದೂತನೆಂದು ಪಾಮರ್ ಅವನನ್ನು ಕೊಂಡಾಡಿದ್ದಾನೆ. 1824ರ ಅಕ್ಟೋಬರ್ 9ರಂದು ಲಿನ್ನೆಲ್ ಈ ಯುವಕನನ್ನು ಬ್ಲೇಕ್ ಮನೆಗೆ ಕರೆದೊಯ್ದ. ಕಾಲು ಸುಟ್ಟುಕೊಂಡು ಹಾಸಿಗೆಯಲ್ಲಿದ್ದ ಆ ಮುದುಕ, ಪುಸ್ತಕಗಳನ್ನು ಹರಡಿಕೊಂಡು, ಡಾಂಟೆಯ ಕಾವ್ಯಕ್ಕೆ ಚಿತ್ರಗಳನ್ನು ಬರೆಯುತ್ತಿದ್ದ. ಈ ಭೇಟಿಯ ಮರುವರ್ಷವೇ ಆರು ಕಂದು ಚಿತ್ರಗಳು ಹುಟ್ಟಿದವು.

ಈಗ ಆ ಕಂದು ಬಣ್ಣದ ವಿಚಾರಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಈ ಚಿತ್ರಗಳ ಅರ್ಧ ಅರ್ಥ ಅವುಗಳ ಸಾಮಗ್ರಿಯಲ್ಲೇ ಇದೆ. ‘ಸೆಪಿಯಾ’ ಎಂಬ ಶಾಯಿ ಸಿಗುವುದು ಕಡಲಿನ ಒಂದು ಜೀವಿಯಿಂದ. ನಮ್ಮ ಕರಾವಳಿಯ ಮೀನುಪೇಟೆಗಳಲ್ಲಿ ಬೊಂಡಾಸ್ ಎಂದು ಕರೆಯುವ ಜೀವಿಯ ಹತ್ತಿರದ ಬಂಧುವಾದ ಅದು, ಅಪಾಯ ಎದುರಾದಾಗ ಗಾಢವಾದ ಶಾಯಿಯನ್ನು ನೀರಿಗೆ ಉಗುಳಿ ತಪ್ಪಿಸಿಕೊಳ್ಳುತ್ತದೆ. ಆ ಶಾಯಿಯ ಚೀಲವನ್ನು ಒಣಗಿಸಿ ಪುಡಿಮಾಡಿ ತಯಾರಿಸಿದ ಬಣ್ಣ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಚಿತ್ರಕಾರರಲ್ಲಿ ಬಳಕೆಗೆ ಬಂದಿತ್ತು. ನೀರು ಹೆಚ್ಚಿದರೆ ತೆಳುವಾದ ಚಹಾದಂತೆ, ಕಡಿಮೆಯಾದರೆ ಸುಟ್ಟ ಬೆಲ್ಲದಂತೆ ಒಂದೇ ಬಣ್ಣ ಹಲವು ಮೆಟ್ಟಿಲುಗಳನ್ನು ಏರಬಲ್ಲದು.

ಇತರರು ಈ ಶಾಯಿಯನ್ನು ನೀರಿನಲ್ಲಿ ಕದಡಿ ತೆಳ್ಳಗೆ ಹರಡುತ್ತಿದ್ದರು. ಪಾಮರ್ ಅದಕ್ಕೆ ಜಾಲಿ ಜಾತಿಯ ಮರಗಳಿಂದ ಒಸರುವ ಅರಬಿಕ್ ಗೋಂದನ್ನು ಧಾರಾಳವಾಗಿ ಬೆರೆಸಿದ, ಲೇಖನಿಯಿಂದಲೂ ಕುಂಚದಿಂದಲೂ ಬರೆದ, ಕೊನೆಗೆ ಮೇಲೆ ವಾರ್ನಿಷ್ ಬಳಿದ. ಗೋಂದು ಬೆರೆತ ಶಾಯಿ ಕಾಗದದೊಳಗೆ ಇಂಗಿಹೋಗದೆ ಮೇಲೆಯೇ ನಿಲ್ಲುತ್ತದೆ. ಕತ್ತಲೆಯ ಭಾಗಗಳಿಗೆ ಜೇನಿನಂಥ ಆಳ ಮತ್ತು ಹೊಳಪು ಬರುತ್ತದೆ. ಗೆರೆಯ ಅಂಚುಗಳು ಮಸುಕಾಗದೆ ಉಳಿಯುತ್ತವೆ. ಈ ಕಾರಣದಿಂದಲೇ ಈ ಚಿತ್ರಗಳು ಬರೆದವುಗಳಂತೆ ಕಾಣುವುದಕ್ಕಿಂತ ಹೆಚ್ಚಾಗಿ ದಂತದಲ್ಲೋ ಹಳೆಯ ಮರದಲ್ಲೋ ಕೆತ್ತಿದವುಗಳಂತೆ ಕಾಣುತ್ತವೆ. ಬೆಳಕಿಗಾಗಿ ಬಿಳಿಯ ಬಣ್ಣವನ್ನು ಅವನು ಹಚ್ಚಲಿಲ್ಲ. ಮೋಡದ ಅಂಚು, ಎಲೆಯ ತುದಿ, ಚಂದ್ರ, ಸಿವುಡಿನ ನೆತ್ತಿ ಇವೆಲ್ಲ ಬೆಳಗುವುದು ಅಲ್ಲಿ ಶಾಯಿ ತಾಗದೆ ಉಳಿದ ಕಾಗದದಿಂದ. ಎಲ್ಲಿ ಬೆಳಕು ಬೇಕೋ ಅಲ್ಲಿ ಕೈಯನ್ನು ತಡೆಯಬೇಕು, ಸುತ್ತಲಿನ ಕತ್ತಲೆಯನ್ನು ಮಾತ್ರ ಬರೆಯಬೇಕು. ಬ್ಲೇಕ್ ಉಳಿಯಿಂದ ಗೀರಿ ಪಡೆದ ಫಲವನ್ನು ಪಾಮರ್ ತದ್ವಿರುದ್ಧ ದಾರಿಯಿಂದ, ಅಂದರೆ ಮುಟ್ಟದೆ ಬಿಡುವುದರಿಂದ, ಪಡೆದುಕೊಂಡ.

‘ಮುಂಜಾನೆ’ ಎಂಬ ಚಿತ್ರದಲ್ಲಿ ಈ ವಿಧಾನ ಪೂರ್ತಿಯಾಗಿ ಅರಳಿದೆ. ನಡುವೆ ಅಣಬೆಯ ಟೊಪ್ಪಿಗೆಯಂತೆ ಉಬ್ಬಿದ ದೊಡ್ಡ ಮರವಿದೆ. ಅದರ ಕಡೆಗೆ ಸಾಗುವ ಕಾಲುದಾರಿಯಲ್ಲಿ ಒಂದು ಮೊಲವಿದೆ. ಒಂದು ಬದಿಯಲ್ಲಿ, ಮರಗಳ ಮರೆಯಲ್ಲಿ, ಕೆಲವರು ಗುಂಪಾಗಿ ಕುಳಿತಿದ್ದಾರೆ. ಮೊದಲ ನೋಟಕ್ಕೆ ಅವರು ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ಚಿತ್ರಕಾರರಾಗಿದ್ದರೆ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ, ದೂರದ್ದನ್ನು ಮಬ್ಬಾಗಿ ಬರೆದು ಆಳದ ಭ್ರಮೆ ಹುಟ್ಟಿಸುತ್ತಿದ್ದರು. ಪಾಮರ್ ಹಾಗೆ ಮಾಡುವುದಿಲ್ಲ. ದೂರದ ಗುಡ್ಡದ ಹುಲ್ಲಿಗೂ ಹತ್ತಿರದ ಎಲೆಗೂ ಒಂದೇ ಎಚ್ಚರ, ಒಂದೇ ಪ್ರೀತಿ. ಒಂದು ಜಾತಿಯ ಮರಕ್ಕೆ ಚುಕ್ಕೆಗಳು, ಇನ್ನೊಂದಕ್ಕೆ ಸಣ್ಣ ಕೊಕ್ಕೆಗಳು, ಪೈರಿಗೆ ನೆಟ್ಟಗಿನ ಗೆರೆಗಳು, ತೊಗಟೆಗೆ ಸುತ್ತುವ ಗೆರೆಗಳು ಎಂದು ಪ್ರತಿಯೊಂದಕ್ಕೂ ಬೇರೆಯದೇ ಗುರುತನ್ನು ಅವನು ಕಲ್ಪಿಸಿಕೊಂಡಿದ್ದಾನೆ. ರಂಗೋಲಿ ಹಾಕುವವರ ಕೈಯನ್ನು ಗಮನಿಸಿದವರಿಗೆ ಈ ಶಿಸ್ತು ಬೇಗ ಅರ್ಥವಾದೀತು: ಒಂದೊಂದು ಗುರುತೂ ಸರಳ, ಅವುಗಳ ಜೋಡಣೆ ಮಾತ್ರ ಅಪಾರ.

ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಜೊತೆ ಹೋಲಿಸಿದರೆ ಪಾಮರ್ ಎಷ್ಟು ಬೇರೆಯವನೆಂಬುದು ಇನ್ನೂ ತಿಳಿಯಾಗುತ್ತದೆ. ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ನಿಂತು ಮೋಡಗಳನ್ನು ಬರೆಯುತ್ತ, ಹಲವು ಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕುಗಳನ್ನು ನಮೂದಿಸುತ್ತಿದ್ದ. ಅವನ ಮೋಡ ಆ ದಿನದ ಮೋಡ, ಮರುಗಳಿಗೆ ಚದುರಿಹೋಗುವಂಥದು. ಪಾಮರ್‌ನ ಆರು ಚಿತ್ರಗಳಲ್ಲೊಂದಾದ ‘ಬೆಳ್ಮೋಡದ ಕಣಿವೆ’ಯಲ್ಲಿ ಗುಡ್ಡದ ಹಿಂದಿನಿಂದ ಎದ್ದು ನಿಂತ ಮೋಡ ಬೆಣ್ಣೆಯ ಮುದ್ದೆಯಂತೆ ಗಟ್ಟಿಯಾಗಿದೆ, ಕರಗುವ ಯೋಚನೆಯೇ ಅದಕ್ಕಿಲ್ಲ. ಇಬ್ಬರನ್ನೂ ರೊಮ್ಯಾಂಟಿಕ್ ಯುಗದವರೆಂದೇ ಗುರುತಿಸುತ್ತಾರೆ. ಬಿ. ಎಂ. ಶ್ರೀಕಂಠಯ್ಯನವರ ಅನುವಾದಗಳ ಮೂಲಕ ಆ ಯುಗದ ಇಂಗ್ಲಿಷ್ ಕವಿತೆಗಳನ್ನು ಬಲ್ಲ ಕನ್ನಡಿಗರಿಗೆ ಅದರ ಮುಖ್ಯ ನಂಬಿಕೆ ಹೊಸದಲ್ಲ: ಪ್ರಕೃತಿಯು ಮನುಷ್ಯನ ಒಳಗನ್ನು ಮುಟ್ಟುತ್ತದೆ, ಮನುಷ್ಯನ ಒಳಗು ಪ್ರಕೃತಿಯನ್ನು ಬೆಳಗುತ್ತದೆ. ಕಾನ್‌ಸ್ಟೆಬಲ್ ಈ ನಂಬಿಕೆಯ ಮೊದಲ ಅರ್ಧವನ್ನು ಹಿಡಿದು ಹೊರಗೆ ನೋಡಿದ. ಪಾಮರ್ ಎರಡನೆಯ ಅರ್ಧವನ್ನು ಹಿಡಿದು, ಕಂಡದ್ದನ್ನೆಲ್ಲ ಮನಸ್ಸಿನ ಮೂಸೆಯಲ್ಲಿ ಕಾಸಿ ಎರಕ ಹೊಯ್ದ.

ಆದ್ದರಿಂದ ಈ ಕಣಿವೆ ನಿಜವಾಗಿ ಎಲ್ಲಿದೆ ಎಂಬ ಪ್ರಶ್ನೆಗೆ ನೇರ ಉತ್ತರ ಹುಡುಕುವುದು ಸರಿಯಲ್ಲ. ಪಾಮರ್ ಹೆಸರಿನೊಂದಿಗೆ ಯಾವಾಗಲೂ ಕೇಳಿಬರುವ ಊರು ಕೆಂಟ್ ಪ್ರಾಂತದ ಶೋರಮ್; ಲಂಡನ್ನಿನ ಆಗ್ನೇಯ ದಿಕ್ಕಿನಲ್ಲಿ, ಡ್ಯಾರೆಂಟ್ ಎಂಬ ಸಣ್ಣ ನದಿಯ ಕಣಿವೆಯಲ್ಲಿರುವ ಹಳ್ಳಿ. ಅಲ್ಲಿಗೆ ಅವನು ಮೊದಲೇ ಹೋಗಿಬಂದಿದ್ದನಾದರೂ ಈ ಆರು ಚಿತ್ರಗಳ ಹೊತ್ತಿಗೆ ಅಲ್ಲಿ ನೆಲೆಸಿರಲಿಲ್ಲ. ನೆಲೆಸಿದ ಮೇಲೆ ಎಡ್ವರ್ಡ್ ಕ್ಯಾಲ್ವರ್ಟ್, ಜಾರ್ಜ್ ರಿಚ್ಮಂಡ್ ಮೊದಲಾದ ಗೆಳೆಯರು ಅವನನ್ನು ಅರಸಿ ಬರುತ್ತಿದ್ದರು. ತಮ್ಮನ್ನು ‘ಪ್ರಾಚೀನರು’ ಎಂದು ಕರೆದುಕೊಂಡು ರಾತ್ರಿಯ ಹೊತ್ತು ಹೊಲಗಳಲ್ಲಿ ಅಲೆಯುತ್ತಿದ್ದ ಈ ಯುವಕರನ್ನು ಊರಿನವರು ನಕ್ಷತ್ರ ನೋಡುವ ಜೋಯಿಸರೆಂದೇ ತಿಳಿದರಂತೆ. ಆ ಕಣಿವೆಯ ದುಂಡು ಗುಡ್ಡಗಳೂ ಹುಲ್ಲಿನ ಸೂರುಗಳೂ ಚಿತ್ರಗಳ ಲೋಕಕ್ಕೆ ಹತ್ತಿರವಾಗಿರಬಹುದು. ಆದರೆ ಚಿತ್ರಗಳೊಂದಿಗೆ ಅವನು ಸೇರಿಸಿರುವ ಸಾಲುಗಳನ್ನು ನೋಡಿದರೆ ಅವನ ನಿಜವಾದ ಭೂಗೋಳ ಬಯಲಾಗುತ್ತದೆ. ಚಂದ್ರನ ಎಳೆಯ ಕೆಳಗೆ ಎತ್ತಿನ ಬಳಿ ನಿಂತ ಉಳುವವನನ್ನು ತೋರಿಸುವ ‘ಹಳ್ಳಿಯ ದೃಶ್ಯ’ಕ್ಕೆ ಹಗಲೂ ರಾತ್ರಿಯೂ ಸಮವಾಗುವ ಕಾಲದಲ್ಲಿ ಉಳುಮೆ ಮಾಡಿರೆಂದು ಹೇಳುವ ವರ್ಜಿಲ್ಲನ ಸಾಲುಗಳಿವೆ. ಕುರಿಗಳು ಮಲಗಿರುವ ‘ಮುಸ್ಸಂಜೆಯ ಕೊನೆ’ಗೆ ಷೇಕ್ಸ್‌ಪಿಯರ್‌ನಿಂದ, ಪಡುವಣದಲ್ಲಿ ಹಗಲಿನ ಗೆರೆಗಳು ಇನ್ನೂ ಮಿನುಗುತ್ತಿವೆ ಎಂಬ ಮಾತಿದೆ, ನಾಟಕದಲ್ಲಿ ಆ ಮಾತನ್ನು ಆಡುವವನು ದಾರಿ ಕಾಯುತ್ತಿರುವ ಕೊಲೆಗಾರ. ಅಷ್ಟು ಶಾಂತವಾದ ದೃಶ್ಯಕ್ಕೆ ಅಂಥ ಸಂದರ್ಭದ ಸಾಲನ್ನು ಆರಿಸಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಈ ಆರು ಚಿತ್ರಗಳಿಗೆ ಇಷ್ಟು ಬೆಲೆ ಬಂದಿರುವುದಕ್ಕೆ ದುಃಖದ ಕಾರಣವೂ ಒಂದಿದೆ. 1909ರಲ್ಲಿ ಪಾಮರ್‌ನ ಮಗ ಆಲ್ಫ್ರೆಡ್ ಹರ್ಬರ್ಟ್ ತಂದೆಯ ಶೋರಮ್ ಕಾಲದ ರೇಖಾಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ದೊಡ್ಡ ಪ್ರಮಾಣದಲ್ಲಿ ಸುಟ್ಟುಹಾಕಿದ. ಯಾರಿಗೂ ತಲೆಬುಡ ಅರ್ಥವಾಗದ ಆ ಕಾಗದಗಳಿಗೆ ಇನ್ನಷ್ಟು ಅವಮಾನಕರವಾದ ಗತಿ ಬರಬಾರದೆಂದು ಹಾಗೆ ಮಾಡಿದೆನೆಂಬುದು ಅವನ ವಿವರಣೆ. 1824ರ ಒಂದು ರೇಖಾಪುಸ್ತಕ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿರುವ ಬಿಗಿಯಾದ, ಹುಚ್ಚು ಹಿಡಿದಂಥ ಗೆರೆಗಳನ್ನು ನೋಡಿದಾಗ ಸುಟ್ಟುಹೋದದ್ದರ ಅಳತೆ ಸಿಕ್ಕಿ ಹೊಟ್ಟೆ ಉರಿಯುತ್ತದೆ. 1926ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ನಡೆದ ಬಳಿಕವೇ ಪಾಮರ್ ಮತ್ತೆ ಬೆಳಕಿಗೆ ಬಂದ. ಗ್ರಹಾಂ ಸದರ್ಲೆಂಡ್‌ನಂಥ ಯುವ ಕೆತ್ತನೆಗಾರರು ಅವನಿಂದ ಪಾಠ ಕಲಿತರು. ಆರು ಕಂದು ಚಿತ್ರಗಳು 1941ರಲ್ಲಿ, ಮಹಾಯುದ್ಧದ ನಡುವೆ, ಆಶ್ಮೋಲಿಯನ್ ಸೇರಿದವು. ಬೇಡಿಕೆ ಎಷ್ಟು ಏರಿತೆಂದರೆ, 1976ರಲ್ಲಿ ಟಾಮ್ ಕೀಟಿಂಗ್ ಎಂಬ ಚಿತ್ರಕಾರ ತಯಾರಿಸಿದ ನಕಲಿ ಪಾಮರ್ ಚಿತ್ರಗಳು ಬಯಲಾಗಿ ಲಂಡನ್ನಿನ ಕಲಾಮಾರುಕಟ್ಟೆಯೇ ತತ್ತರಿಸಿತು.

ಚಿತ್ರದಲ್ಲಿ ಇಲ್ಲದ ಸಂಗತಿಗಳನ್ನೂ ಈಗ ನೋಡಬೇಕಾಗಿದೆ. ನೆಪೋಲಿಯನ್ ವಿರುದ್ಧದ ಯುದ್ಧಗಳು 1815ರಲ್ಲಿ ಮುಗಿದ ಬಳಿಕ ಇಂಗ್ಲೆಂಡಿನ ಕೃಷಿ ಕೂಲಿಕಾರರ ಬದುಕು ತೀರ ಕಷ್ಟವಾಗಿತ್ತು. ಊರಿನ ಸಾಮೂಹಿಕ ಜಮೀನುಗಳಿಗೆ ಬೇಲಿ ಬಿದ್ದು ಅವು ಖಾಸಗಿಯವರ ಪಾಲಾಗಿದ್ದವು, ಕೂಲಿ ಕುಸಿದಿತ್ತು, ಚಳಿಗಾಲದ ಕೆಲಸವಾಗಿದ್ದ ಧಾನ್ಯ ಬಡಿಯುವುದನ್ನು ಒಕ್ಕಣೆ ಯಂತ್ರಗಳು ಕಸಿಯತೊಡಗಿದ್ದವು. 1830ರ ಬೇಸಿಗೆಯ ಕೊನೆಯಲ್ಲಿ ಕೂಲಿಕಾರರು ಈ ಯಂತ್ರಗಳನ್ನು ಒಡೆಯಲು ಆರಂಭಿಸಿದ್ದು ಪಾಮರ್ ವಾಸವಾಗಿದ್ದ ಕೆಂಟ್ ಪ್ರಾಂತದಲ್ಲೇ. ಮೆದೆಗಳಿಗೆ ಬೆಂಕಿ ಬಿತ್ತು. ಗಲಭೆ ದಕ್ಷಿಣ ಇಂಗ್ಲೆಂಡಿನ ಉದ್ದಗಲಕ್ಕೂ ಹಬ್ಬಿತು. ಪಾಮರ್ ಕೂಲಿಕಾರರ ಪಕ್ಷ ವಹಿಸಲಿಲ್ಲ. 1832ರ ಚುನಾವಣೆಯಲ್ಲಿ ಟೋರಿ ಅಭ್ಯರ್ಥಿಯ ಪರವಾಗಿ, ಹಳೆಯ ವ್ಯವಸ್ಥೆ ಕುಸಿದರೆ ಎಲ್ಲವೂ ನಾಶವಾದೀತೆಂದು ಎಚ್ಚರಿಸುವ ಕರಪತ್ರವೊಂದನ್ನು ಅವನು ಅಚ್ಚು ಹಾಕಿಸಿದ. ಅವನ ಚಿತ್ರಗಳಲ್ಲಿ ಕೊಯ್ಲುಗಾರನಿಗೆ ಹಸಿವಿಲ್ಲ, ಹೊಲಕ್ಕೆ ಒಡೆಯನಿಲ್ಲ, ಸಿವುಡಿಗೆ ಬೆಲೆಯಿಲ್ಲ. ಇದನ್ನು ಕುರುಡುತನವೆಂದು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಹಾಗಿದ್ದರೂ ಒಂದು ಮಾತನ್ನು ಇದರ ಪಕ್ಕದಲ್ಲಿಡಬೇಕು. ಅವನು ಹೊಗಳಿದ್ದು ಜಮೀನ್ದಾರನ ಬಂಗಲೆಯನ್ನಲ್ಲ, ಅವನ ಉದ್ಯಾನವನ್ನಲ್ಲ. ಕೊಯ್ದ ಪೈರನ್ನು, ಮಲಗಿದ ಕುರಿಯನ್ನು, ಹುಲ್ಲಿನ ಸೂರನ್ನು. ಹಣವಂತರ ಭೂದೃಶ್ಯಕಲೆ ಕಣ್ಣೆತ್ತಿಯೂ ನೋಡದ ವಸ್ತುಗಳಿಗೆ ಅವನು ಪವಿತ್ರತೆಯ ಅಂಚು ಕಟ್ಟಿದ. ಕೆಳಗಿನವರ ಕಷ್ಟವನ್ನು ಅವನು ಬರೆಯಲಿಲ್ಲ, ಅವರ ಲೋಕ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಮಾತ್ರ ಬರೆದ.

ಇವುಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುವುದು ಸುಲಭ. ಆದರೆ ಹಾಗೆ ನೋಡುವಾಗ ಕಾಗದದ ಅಳತೆಯೇ ಮರೆತುಹೋಗುತ್ತದೆ. ಸಾಧ್ಯವಾದರೆ ಅಷ್ಟೇ ಅಳತೆಯ ಹಾಳೆಯ ಮೇಲೆ ಚಿತ್ರವನ್ನು ಮುದ್ರಿಸಿಕೊಂಡು, ಪುಸ್ತಕದಂತೆ ಕೈಯಲ್ಲಿ ಹಿಡಿದು, ಮೊದಲು ಕತ್ತಲೆಯ ಭಾಗಗಳನ್ನು, ಆಮೇಲೆ ಬೆಳಕಿನ ಭಾಗಗಳನ್ನು ನೋಡಬೇಕು. ಕಣ್ಣು ಕತ್ತಲೆಗೆ ಒಗ್ಗಿದ ಹಾಗೆ ಮೊಲವೂ ಕುಳಿತವರೂ ಒಬ್ಬೊಬ್ಬರಾಗಿ ಹೊರಬರುತ್ತಾರೆ.

ಪಾಮರ್ 1835ರ ಹೊತ್ತಿಗೆ ಶೋರಮ್ ಬಿಟ್ಟು ಲಂಡನ್ನಿಗೆ ಮರಳಿದ. 1837ರಲ್ಲಿ ಲಿನ್ನೆಲ್‌ನ ಮಗಳು ಹ್ಯಾನಾಳನ್ನು ಮದುವೆಯಾಗಿ ಇಟಲಿಗೆ ಹೋಗಿ ಎರಡು ವರ್ಷವಿದ್ದ. ಬಳಿಕ ಸಂಸಾರ ನಡೆಸಲು ಪಾಠ ಹೇಳಿದ, ಮಾರಾಟವಾಗುವಂಥ ಜಲವರ್ಣ ಚಿತ್ರಗಳನ್ನು ಬರೆದ; ಮಧ್ಯವಯಸ್ಸಿನ ಆ ಕೃತಿಗಳಲ್ಲಿ ಮೊದಲಿನ ತೀವ್ರತೆ ಕಡಿಮೆ. ವರ್ಜಿಲ್ ಮಾತ್ರ ಅವನನ್ನು ಬಿಡಲಿಲ್ಲ. ಮುಪ್ಪಿನಲ್ಲಿ ಆ ಗೋಪಗೀತೆಗಳನ್ನು ತಾನೇ ಇಂಗ್ಲಿಷಿಗೆ ಅನುವಾದಿಸಿ, ಅವಕ್ಕೆ ತಾಮ್ರದ ತಗಡಿನ ಮೇಲೆ ಚಿತ್ರಗಳನ್ನು ಕೊರೆಯತೊಡಗಿದ. ಕೆಲಸ ಮುಗಿಯುವ ಮುನ್ನ 1881ರ ಮೇ 24ರಂದು ಅವನು ತೀರಿಕೊಂಡ; ಪುಸ್ತಕ ಮಗನ ಕೈಯಿಂದ 1883ರಲ್ಲಿ ಹೊರಬಂತು. ಅದಕ್ಕಾಗಿ ಅವನು ಪೂರ್ಣಗೊಳಿಸಿದ ತಗಡು 1880ರದು. ಅದರ ಹೆಸರು ‘ರೊಪ್ಪ ತೆರೆಯುವುದು, ಅಥವಾ ಮುಂಜಾನೆ’. ಬೆಳಗಿನ ಹೊತ್ತಿನಲ್ಲಿ ಕುರಿಗಾಹಿ ರೊಪ್ಪದ ಬೇಲಿಯನ್ನು ಸರಿಸುತ್ತಿದ್ದಾನೆ, ಕುರಿಗಳು ಹುಲ್ಲುಗಾವಲಿಗೆ ಹೊರಡುತ್ತಿವೆ.